ಮೈನಸ್ ನಲವತ್ತು ಅಡಿಯ ಸೈಟು

ದೇವನಹಳ್ಳಿ ಕಡೆ ಈಗ ಯಾರ ಜೊತೆ ಮಾತಿಗೆ ಕೂತರೂ ಮಳೆ, ಬೆಳೆ, ಮಕ್ಕಳ ಮದುವೆಯನ್ನೆಲ್ಲ ದಾಟಿ ಮಾತು ಕಡೆಗೆ ‘ಥರ್ಟಿ ಫಾರ್ಟಿ’ಗೆ ಬಂದು ನಿಲ್ಲುತ್ತದೆ. ಹೆಬ್ಬೆಟ್ಟು ಒತ್ತುವ ಅಜ್ಜನಿಗೂ ಈ ಎರಡು ಇಂಗ್ಲಿಷ್ ಸಂಖ್ಯೆ ಬಾಯಿಪಾಠ. 2008ರ ಮೇ 24ರಂದು ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದಾಚೆಗೆ ರಾಗಿ ಹೊಲಗಳು ಒಂದೊಂದಾಗಿ ಕಲ್ಲು ನೆಡಿಸಿಕೊಂಡು, ಸುಣ್ಣದ ಗೆರೆ ಎಳೆಸಿಕೊಂಡು, ಮುಂದೊಂದು ಕಮಾನು ಕಟ್ಟಿಸಿಕೊಂಡು ಲೇಔಟ್ ಆಗುತ್ತಾ ಹೋದವು. ಹಿಂದೆ ನಾವು ಗುಂಟೆ ಲೆಕ್ಕದ ಜನ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರಡಿ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ಮೂವತ್ತು ನಲವತ್ತರ ಸೈಟು 1200 ಚದರಡಿ, ಗುಂಟೆಗಿಂತ ಚೂರು ಜಾಸ್ತಿ. ಎಕರೆಗೆ 36 ಸೈಟು ಬಂದು ಮೇಲೆ ಒಂದಿಷ್ಟು ಉಳಿಯುತ್ತದೆ. ರಸ್ತೆ, ಚರಂಡಿ, ಪಾರ್ಕು ಏನೂ ಬಿಡದಿದ್ದರೆ. ಹಾಗೆ ಏನೂ ಬಿಡದೆ ಮಾರಿದ ಕಡೆ ಮನೆ ಕಟ್ಟಿಕೊಂಡವರು ಮನೆಗೆ ಹಾರಿಕೊಂಡೇ ಹೋಗಬೇಕು. ವಿಮಾನ ನಿಲ್ದಾಣ ಹತ್ತಿರವೇ ಇದೆ, ನಿಜ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು, ಇದೇ ತಾಲ್ಲೂಕಿನ ವಿಜಯಪುರದಲ್ಲಿ ವಾಸ. ನಿವೃತ್ತ ಗಣಿತದ ಮೇಷ್ಟ್ರ ಮನೆಗೆ ಸಂಜೆ ಹೊತ್ತು ಬರುವವರು ಎರಡೇ ಬಗೆ: ಲೆಕ್ಕ ಬಾರದ ಮಕ್ಕಳು, ಲೆಕ್ಕ ಚೆನ್ನಾಗಿ ಬರುವ ಸೈಟ್ ಬ್ರೋಕರುಗಳು. ಇಬ್ಬರನ್ನೂ ಒಂದೇ ಪಾಠ ಹೇಳಿ ಸುಧಾರಿಸಬಹುದು ಎನ್ನುವುದು ನನ್ನ ನಂಬಿಕೆ. ವರ್ಗ ಅಸಮತೆಯ ಪಾಠ.

ಈ ಪಾಠದ ಹಣೆಬರಹ ವಿಚಿತ್ರ. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣಕ್ಕೆ ಒಂದು ಅಧ್ಯಾಯವಿದೆ. ಮೊದಲ ಪಿಯುಸಿಯಲ್ಲಿ ಅಸಮತೆಗೆ ಒಂದು ಅಧ್ಯಾಯವಿದೆ, ಆದರೆ ಅದು ರೇಖಾತ್ಮಕ ಅಸಮತೆ. ವರ್ಗದ ತಂಟೆಗೆ ಹೋಗುವುದಿಲ್ಲ. ಎರಡೂ ಸೇರಿದ ಈ ಕೂಸಿಗೆ ಸ್ವಂತ ಅಧ್ಯಾಯ ಇಲ್ಲ. ಹತ್ತನೇ ತರಗತಿಯವರು ‘ಅದು ಪಿಯುಸಿಯಲ್ಲಿ ಬರುತ್ತೆ’ ಎನ್ನುತ್ತಾರೆ, ಪಿಯುಸಿಯವರು ‘ಹೈಸ್ಕೂಲಲ್ಲೇ ಆಗಿರಬೇಕಲ್ಲ’ ಎನ್ನುತ್ತಾರೆ. ದ್ವಿತೀಯ ಪಿಯುಸಿಗೆ ಬಂದು, ಒಂದು ಫಲನ ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಹೇಳು ಎಂದಾಗ ಇದೇ ಕೂಸು ಅಡ್ಡ ಬಂದು ನಿಲ್ಲುತ್ತದೆ. ಆಗ ಮಕ್ಕಳು ನನ್ನ ಜಗಲಿಗೆ ಬರುತ್ತಾರೆ.

ಎದುರು ಮನೆಯ ಹುಡುಗಿಯೂ ಹಾಗೇ ಬಂದಳು. ‘ತಾತ, ಎಕ್ಸ್ ವರ್ಗ 9ಕ್ಕಿಂತ ಕಡಿಮೆ. ಹಾಗಾದ್ರೆ ಎಕ್ಸ್ ಪ್ಲಸ್ ಆರ್ ಮೈನಸ್ ಮೂರಕ್ಕಿಂತ ಕಡಿಮೆ, ಅಲ್ವಾ?’ ಎಂದಳು. ಎಕ್ಸ್ < ±3. ಈ ಸಾಲಿಗೆ ನಾನು ಸುರಿದಷ್ಟು ಕೆಂಪು ಶಾಯಿಯನ್ನು ಬೇರೆ ಯಾವುದಕ್ಕೂ ಸುರಿದಿಲ್ಲ. ನೋಡಲು ಎಷ್ಟು ಸಂಭಾವಿತವಾಗಿದೆ! ಸಮೀಕರಣಕ್ಕೆ ಎರಡು ಕಡೆಯೂ ವರ್ಗಮೂಲ ತೆಗೆದು ಅಭ್ಯಾಸವಾದ ಕೈ, ಇಲ್ಲೂ ತೆಗೆಯಿತು. ಆದರೆ ಪ್ಲಸ್ ಮೂರಕ್ಕಿಂತಲೂ ಮೈನಸ್ ಮೂರಕ್ಕಿಂತಲೂ ಕಡಿಮೆ ಎಂದರೆ ಮೈನಸ್ ಹತ್ತು ಆಗಬೇಕಲ್ಲ? ಅದರ ವರ್ಗ ನೂರು. ಒಂಬತ್ತಕ್ಕಿಂತ ಕಡಿಮೆಯೇ? ಹುಡುಗಿ ಪೆನ್ನು ಕಚ್ಚಿದಳು. ಸರಿಯಾದ ಉತ್ತರ ಮೈನಸ್ ಮೂರಕ್ಕೂ ಮೂರಕ್ಕೂ ನಡುವಿನ ಇಡೀ ಹರಹು. ‘ಉತ್ತರ ಒಂದೂ ಅಲ್ಲ ಎರಡೂ ಅಲ್ವಾ? ಲೆಕ್ಕ ಇಲ್ಲದಷ್ಟಾ? ಅಷ್ಟನ್ನೂ ಹೇಗೆ ತಾತ ಬರೆಯೋದು?’ ಎಂದು ಗಾಬರಿಯಾದಳು. ಒಂದನೇ ತರಗತಿಯಿಂದ ಉತ್ತರ ಎಂದರೆ ಸಮ ಚಿಹ್ನೆಯ ಮುಂದೆ ಒಂದು ಸಂಖ್ಯೆ, ಅದರ ಕೆಳಗೆ ಎರಡು ಗೆರೆ ಎಂದು ಕಲಿಸಿದವರು ನಾವೇ. ಈಗ ಮಗುವನ್ನು ಬೈಯುವುದು ಹೇಗೆ?

ಅವಳಿಗೆ ಸೈಟಿನ ಲೆಕ್ಕ ಕೊಟ್ಟೆ. ಉದ್ದ ಅಗಲಕ್ಕಿಂತ ಹತ್ತು ಅಡಿ ಜಾಸ್ತಿ. ವಿಸ್ತೀರ್ಣ 1200 ಚದರಡಿಗೆ ಕಡಿಮೆ ಇರಬಾರದು. ಅಗಲ ಎಷ್ಟಿರಬಹುದು? ಅಗಲ ಎಕ್ಸ್ ಆದರೆ ಉದ್ದ ಎಕ್ಸ್ + 10. ಗುಣಿಸಿ 1200ನ್ನು ಈಚೆಗೆ ತಂದರೆ ಎಕ್ಸ್² + 10ಎಕ್ಸ್ − 1200 ≥ 0. ಅಪವರ್ತಿಸಿದರೆ (ಎಕ್ಸ್ − 30)(ಎಕ್ಸ್ + 40) ≥ 0. ನಮ್ಮ ಥರ್ಟಿ ಫಾರ್ಟಿ ಇಲ್ಲಿಗೂ ಬಂತು, ಫಾರ್ಟಿ ಮಾತ್ರ ವೇಷ ಬದಲಿಸಿಕೊಂಡಿದೆ.

ಗುಣಲಬ್ಧ ಸೊನ್ನೆಯಾಗುವುದು ಎರಡೇ ಜಾಗದಲ್ಲಿ: 30ರಲ್ಲಿ, ಮೈನಸ್ 40ರಲ್ಲಿ. ಇವು ಸಂಖ್ಯಾರೇಖೆಯ ಮೇಲೆ ಸರ್ವೆಯವರು ನೆಟ್ಟ ಎಲ್ಲೆ ಕಲ್ಲುಗಳಿದ್ದ ಹಾಗೆ. ಸಮೀಕರಣದ ಕೆಲಸ ಕಲ್ಲು ನೆಟ್ಟಲ್ಲಿಗೆ ಮುಗಿಯಿತು. ಕಲ್ಲಿನ ಯಾವ ಕಡೆಯದು ನಿನ್ನ ನೆಲ ಎಂದು ಹೇಳುವುದು ಅಸಮತೆ. ಎರಡು ಕಲ್ಲು ಸೇರಿ ರೇಖೆಯನ್ನು ಮೂರು ತುಂಡು ಮಾಡುತ್ತವೆ, ಮತ್ತು ಒಂದೊಂದು ತುಂಡಿನ ಉದ್ದಕ್ಕೂ ಚಿಹ್ನೆ ಬದಲಾಗುವುದಿಲ್ಲ. ಯಾಕೆಂದರೆ ಪ್ಲಸ್‌ನಿಂದ ಮೈನಸ್‌ಗೆ ಹೋಗಬೇಕಾದರೆ ಸೊನ್ನೆಯನ್ನು ದಾಟಬೇಕು, ಸೊನ್ನೆ ಇರುವುದು ಕಲ್ಲಿನ ಜಾಗದಲ್ಲಿ ಮಾತ್ರ. ಇಷ್ಟು ತಿಳಿದರೆ ಪಾಠ ಮುಕ್ಕಾಲು ಮುಗಿದಂತೆ. ಕೋಚಿಂಗಿನವರು ಇದಕ್ಕೇ ‘ವೇವಿ ಕರ್ವ್’ ಎಂದು ಹೆಸರಿಟ್ಟು, ಹಾವಿನಂಥ ಗೆರೆ ಬರೆಸಿ, ಬಲದಿಂದ ಪ್ಲಸ್ ಮೈನಸ್ ಪ್ಲಸ್ ಎಂದು ಹಾಡಿಸುತ್ತಾರೆ. ಹಾಡು ತಪ್ಪಲ್ಲ, ಆದರೆ ಯಾಕೆ ಹಾಡುತ್ತಿದ್ದೇವೆ ಎಂದು ಕೇಳಿದರೆ ಮಕ್ಕಳು ಫೀಸಿನ ರಸೀದಿ ತೋರಿಸುತ್ತಾರೆ.

ನಾನು ಹೇಳುವ ದಾರಿ ಹಳ್ಳಿಯದು. ಪ್ರತಿ ತುಂಡಿನಿಂದ ಒಬ್ಬ ಸಾಕ್ಷಿಯನ್ನು ಕರೆದು ವಿಚಾರಿಸು. ನಡುವಿನ ತುಂಡಿನಿಂದ ಸೊನ್ನೆಯನ್ನು ಕರೆ. ಅದರಷ್ಟು ಸುಲಭಕ್ಕೆ ಬಾಯಿ ಬಿಡುವ ಸಾಕ್ಷಿ ಇನ್ನೊಂದಿಲ್ಲ. ಎಕ್ಸ್ ಸೊನ್ನೆ ಆದರೆ ಉಳಿಯುವುದು ಮೈನಸ್ 1200. ಮೈನಸ್ ಬಂತು, ನಮಗೆ ಬೇಕಾದ್ದು ಪ್ಲಸ್. ಇಡೀ ನಡುವಿನ ತುಂಡು ಹೊರಗೆ. ಒಬ್ಬರ ಸಾಕ್ಷಿಗೆ ಊರೆಲ್ಲ ಹೊರಗೆ ಹೋಗುವುದು ಅನ್ಯಾಯದಂತೆ ಕಂಡರೂ ಇಲ್ಲಿ ಅದು ನ್ಯಾಯವೇ. ಉತ್ತರ: ಎಕ್ಸ್ 30 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮೈನಸ್ 40 ಅಥವಾ ಅದಕ್ಕಿಂತ ಕಡಿಮೆ.

ಈ ಮೈನಸ್ 40ನ್ನು ಪಠ್ಯಪುಸ್ತಕದವರು ‘ಅಗಲ ಋಣವಾಗಲಾರದು, ಆದ್ದರಿಂದ ತಿರಸ್ಕರಿಸಿದೆ’ ಎಂದು ಒಂದೇ ಸಾಲಿನಲ್ಲಿ ಆಚೆಗೆ ಕಳಿಸುತ್ತಾರೆ. ನನಗೆ ಅದರ ಮೇಲೆ ಸ್ವಲ್ಪ ಮಮತೆ. ಅಗಲ ಮೈನಸ್ 40 ಅಡಿ, ಅದಕ್ಕೆ ಹತ್ತು ಸೇರಿಸಿದರೆ ಉದ್ದ ಮೈನಸ್ 30 ಅಡಿ. ಎರಡನ್ನೂ ಗುಣಿಸಿ ನೋಡಿ: ಪ್ಲಸ್ 1200 ಚದರಡಿ! ಕಾಗದದಲ್ಲಿ ಒಂದಂಗುಲವೂ ಕೊರತೆಯಿಲ್ಲ. ನೆಲದ ಮೇಲೆ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಒಮ್ಮೆ ಜಗಲಿಗೆ ಬಂದ ಬ್ರೋಕರ್‌ಗೆ ಇದನ್ನು ವಿವರಿಸಿದೆ. ಆತ ಎಲ್ಲವನ್ನೂ ಗಂಭೀರವಾಗಿ ಕೇಳಿ, ‘ಖಾತೆ ಆಗುತ್ತಾ ಸಾರ್ ಅದಕ್ಕೆ?’ ಎಂದ.

ಮೈನಸ್ ಇನ್ನೊಂದು ಕಡೆಯೂ ಕಾಟ ಕೊಡುತ್ತದೆ. ಅಸಮತೆಯ ಎರಡು ಬದಿಯನ್ನೂ ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ಮಗ್ಗುಲು ಬದಲಿಸುತ್ತದೆ. 3 ಚಿಕ್ಕದು, 5 ದೊಡ್ಡದು; ಮೈನಸ್ ಹಚ್ಚಿದರೆ ಮೈನಸ್ 3 ದೊಡ್ಡದು, ಮೈನಸ್ 5 ಚಿಕ್ಕದು. ಬ್ರಹ್ಮಗುಪ್ತ 628ರಲ್ಲೇ ಧನ ಋಣಗಳ ನಿಯಮ ಬರೆದಿಟ್ಟ. ಐದು ಸಾವಿರ ಸಾಲದವನಿಗಿಂತ ಮೂರು ಸಾವಿರ ಸಾಲದವನು ಅನುಕೂಲಸ್ಥ ಎಂದು ಸೊಸೈಟಿಯಲ್ಲಿ ಕೂತ ಯಾವ ರೈತನಾದರೂ ಹೇಳಬಲ್ಲ. ಇದನ್ನು ಒಪ್ಪುವ ಮಕ್ಕಳೂ ಎಕ್ಸ್² > 5ಎಕ್ಸ್ ಕೊಟ್ಟರೆ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿ, ಎಕ್ಸ್ ಐದಕ್ಕಿಂತ ಹೆಚ್ಚು ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಎಕ್ಸ್ ಯಾರು, ಧನವೋ ಋಣವೋ ಎಂದು ವಿಚಾರಿಸದೆ ಅದರಿಂದ ಭಾಗಿಸಬಾರದು. ಸೊನ್ನೆಯ ಎಡಗಡೆಯ ಸಂಖ್ಯೆಗಳಷ್ಟೂ ಈ ಅಸಮತೆಗೆ ಉತ್ತರವೇ. ಮೈನಸ್ ಒಂದನ್ನು ಕೇಳಿ ನೋಡಿ: ವರ್ಗ 1, ಆಚೆ ಕಡೆ ಮೈನಸ್ 5. ಒಂದೇ ಏಟಿಗೆ ಅಷ್ಟೂ ಮಂದಿಯನ್ನು ಒಕ್ಕಲೆಬ್ಬಿಸಿದಂತಾಯಿತು, ನೋಟಿಸೂ ಇಲ್ಲದೆ.

ವರ್ಗ ಸಮೀಕರಣದಲ್ಲಿ ನಾಡಿಗೆ ನಾವೇ ಹಿರಿಯರು ಎಂದು ಹೇಳಿಕೊಳ್ಳಲು ನಮಗೊಬ್ಬ ಮಹಾವೀರಾಚಾರ್ಯ ಇದ್ದಾನೆ. ಒಂಬತ್ತನೇ ಶತಮಾನದವನು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವನು. ಅವನ ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿದೆ, ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷಿಗೆ ತಂದರು, 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದದೊಡನೆಯೂ ಬಂತು. ಅದರಲ್ಲೊಂದು ನವಿಲಿನ ಲೆಕ್ಕವಿದೆ. ನವಿಲುಗಳ ಹಿಂಡಿನ ಹದಿನಾರನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿದಷ್ಟು ಮಾವಿನ ಮರದಲ್ಲಿ ಕೂತವು. ಉಳಿದವುಗಳ ಒಂಬತ್ತನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿದಷ್ಟು, ಜೊತೆಗೆ ಹದಿನಾಲ್ಕು, ತಮಾಲದ ತೋಪಿನಲ್ಲಿದ್ದವು. ಒಟ್ಟು ಎಷ್ಟು?

ಹಿಂದಿನಿಂದ ಬಿಡಿಸುತ್ತಾ ಬಂದರೆ ಮಾವಿನ ಮರ ಬಿಟ್ಟು ಉಳಿದವು 63 ಎಂದು ಸಿಗುತ್ತದೆ. 63ರ ಒಂಬತ್ತನೇ ಒಂದು ಭಾಗ 7, ಏಳೇಳು 49, ಮೇಲೆ 14. (18 ಎಂಬ ಇನ್ನೊಂದು ಉತ್ತರವೂ ಬರುತ್ತದೆ. ಆದರೆ ಅದನ್ನು ಹಿಡಿದು ಮುಂದೆ ಹೋದರೆ ಪೂರ್ಣ ಸಂಖ್ಯೆ ಸಿಗದೆ ನವಿಲನ್ನು ಕತ್ತರಿಸಬೇಕಾಗುತ್ತದೆ. ಜೈನಾಚಾರ್ಯರಿಗೆ ಅದು ಸುತರಾಂ ಒಪ್ಪದು.) ಉಳಿದದ್ದು 63 ಆಗಬೇಕಾದರೆ ಹಿಂಡು 112 ಇರಬಹುದು, 144 ಕೂಡ ಇರಬಹುದು. 112 ಆದರೆ ಮಾವಿನಲ್ಲಿ ಏಳೇಳು 49; 144 ಆದರೆ ಒಂಬತ್ತೊಂಬತ್ತು 81. ಎರಡರಲ್ಲೂ ಉಳಿಯುವುದು ಸರಿಯಾಗಿ 63. ಎರಡು ಉತ್ತರವೂ ಸಾಚಾ ಆಗಿರುವ ಲೆಕ್ಕ ಕಟ್ಟುವುದು ಎಷ್ಟು ಕಷ್ಟ ಎಂದು ಪ್ರಶ್ನೆಪತ್ರಿಕೆ ತೆಗೆದವರಿಗೆ ಗೊತ್ತು.

ಆಚಾರ್ಯ ಕೇಳಿದ್ದು ಅಷ್ಟು. ನಾನು ಅವನ ಹಿಂಡಿಗೆ ಒಂದು ಪ್ರಶ್ನೆ ಸೇರಿಸುತ್ತೇನೆ, ತಪ್ಪು ತಿಳಿಯಬಾರದು. ಮಾವಿನ ಮರ ಬಿಟ್ಟು ಉಳಿದವು 63ಕ್ಕಿಂತ ಹೆಚ್ಚಿರಬೇಕಾದರೆ? ಈಗ ಅದು ವರ್ಗ ಅಸಮತೆ, ಉತ್ತರ 112ಕ್ಕೂ 144ಕ್ಕೂ ನಡುವೆ. ಹದಿನಾರರಿಂದ ಭಾಗವಾಗುವ ಸಂಖ್ಯೆ ಆ ನಡುವೆ ಒಂದೇ, 128. ಎಂಟೆಂಟು 64 ಮಾವಿನಲ್ಲಿ, 64 ಹೊರಗೆ, ಸಮಪಾಲು. ಹಿಂಡು 256ಕ್ಕೆ ಬೆಳೆದರೆ ಹದಿನಾರು ಹದಿನಾರಲಿ 256, ಎಲ್ಲವೂ ಮಾವಿನ ಮರಕ್ಕೇ ಹೋದವು. 272 ಆದರೆ ಮಾವಿನಲ್ಲೇ 289 ಕೂತು, ತಮಾಲದ ತೋಪಿಗೆ ಮೈನಸ್ 17 ನವಿಲು ಉಳಿಯುತ್ತವೆ. ನಮ್ಮ ದ್ರಾಕ್ಷಿ ತೋಟದವರಿಗೆ ಅಂಥ ನವಿಲೇ ಬೇಕಾಗಿದೆ. ಇತ್ತೀಚೆಗೆ ನಮ್ಮ ಹೊಲಗಳಲ್ಲಿ ನವಿಲಿಗೆ ಬರವಿಲ್ಲ. ಬಿತ್ತಿದ್ದನ್ನು ಕೆದಕುತ್ತವೆ, ಹಣ್ಣು ಕುಕ್ಕುತ್ತವೆ. ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಬೇರೆ, ಕೈ ಮಾಡುವಂತಿಲ್ಲ. ರೈತ ಡಬ್ಬ ಬಡಿಯುತ್ತಾನೆ, ನವಿಲು ಪಕ್ಕದ ಹೊಲಕ್ಕೆ ಹೋಗುತ್ತದೆ, ಪಕ್ಕದವನು ಡಬ್ಬ ಬಡಿಯುತ್ತಾನೆ.

ಇದೇ ಮಹಾವೀರ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಹೇಳಿದ್ದಾನೆ. ಯಾವ ಸಂಖ್ಯೆಯ ವರ್ಗವೂ ಋಣವಾಗದು. ಅಸಮತೆಯ ಲೆಕ್ಕದಲ್ಲಿ ಈ ಮಾತು ಬಹಳ ಉಪಕಾರಿ. ನೂರು ಮೀಟರ್ ತಂತಿ ಬೇಲಿ ಇದೆ, ಆಯತಾಕಾರದ ಜಾಗ ಸುತ್ತಬೇಕು, ಒಳಗೆ 600 ಚದರ ಮೀಟರಿಗೆ ಕಡಿಮೆ ಇರಬಾರದು. ಆಗ ಒಂದು ಬದಿ 20ರಿಂದ 30 ಮೀಟರಿನ ನಡುವೆ ಎಷ್ಟಾದರೂ ಇರಬಹುದು. 700 ಬೇಕು ಎಂದರೆ? ಇಪ್ಪತ್ತೈದಕ್ಕೆ ಇಪ್ಪತ್ತೈದರ ಚೌಕ ಹಾಕಿದಾಗ ಸಿಗುವ 625ಕ್ಕಿಂತ ಹೆಚ್ಚನ್ನು ನೂರು ಮೀಟರ್ ಬೇಲಿ ಸುತ್ತಲಾರದು. ಸೂತ್ರದಲ್ಲಿ ವರ್ಗಮೂಲದ ಒಳಗೆ ಕೂರುವ ಶೋಧಕ ಋಣವಾಗುತ್ತದೆ, ಕಲ್ಲು ನೆಡಲು ಜಾಗವೇ ಸಿಗುವುದಿಲ್ಲ, ಉತ್ತರ ಇಲ್ಲ. ಉತ್ತರ ಇಲ್ಲ ಎನ್ನುವುದೂ ಒಂದು ಉತ್ತರ ಎಂದು ಮಕ್ಕಳಿಗೆ ಒಪ್ಪಿಸುವುದು ಕಷ್ಟ. ಪುಟ ಖಾಲಿ ಬಿಟ್ಟರೆ ಅಂಕ ಹೋಗುತ್ತದೆ ಎಂಬ ಭಯಕ್ಕೆ ಏನಾದರೂ ಒಂದು ಬರೆದೇ ಬರೆಯುತ್ತಾರೆ. ಎಲ್ಲಾ ಸಂಖ್ಯೆಯೂ ಉತ್ತರವಾಗುವ ಲೆಕ್ಕ ಕೊಟ್ಟರೆ, ಉದಾಹರಣೆಗೆ ಎಕ್ಸ್² + 1 > 0, ಇದರಲ್ಲಿ ಏನೋ ಮೋಸವಿದೆ ಎಂದು ನನ್ನ ಮುಖವನ್ನೇ ನೋಡುತ್ತಾರೆ.

ಆ ಹುಡುಗಿಯ ಅಜ್ಜಿ ರೇಷ್ಮೆ ಹುಳ ಮೇಯಿಸುವವರು. ವಿಜಯಪುರದಲ್ಲಿ ಗೂಡಿನ ಮಾರುಕಟ್ಟೆ ಇದೆ, ಸುತ್ತಿನ ಊರುಗಳಲ್ಲಿ ಹಿಪ್ಪುನೇರಳೆ ತೋಟ ಇನ್ನೂ ಉಳಿದಿದೆ. ಮೊಮ್ಮಗಳಿಗೆ ಪಾಠ ಆಗುವಾಗ ಅಜ್ಜಿ ಸೊಪ್ಪಿನ ಹೊರೆ ಇಳಿಸಿ ಜಗಲಿ ತುದಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಹುಳದ ಮನೆ ಹೇಗಿದೆ ಎಂದು ಮಾತು ತೆಗೆದೆ. ‘ಏನ್ ಹೇಳ್ಲಿ ಮೇಷ್ಟ್ರೇ, ಹುಳ ನಾಕನೇ ಜ್ವರದಿಂದ ಎದ್ದವೆ. ಬಿಸ್ಲು ಹೆಚ್ಚಾದ್ರೆ ಗೋಣಿಚೀಲ ನೆನೆಸಿ ಕಟ್ಬೇಕು, ಥಂಡಿ ಹೆಚ್ಚಾದ್ರೆ ಕೆಂಡ ಇಡ್ಬೇಕು. ಇಪ್ಪತ್ನಾಕಕ್ಕೆ ಕೆಳಗೂ ಇಳೀಬಾರ್ದು, ಇಪ್ಪತ್ತೆಂಟಕ್ಕೆ ಮೇಲೂ ಹೋಗ್ಬಾರ್ದು’ ಎಂದರು. ಹುಳದ ಮನೆಯ ಗೋಡೆಯಲ್ಲಿ ಉಷ್ಣಮಾಪಕ ತೂಗುಬಿಟ್ಟಿದ್ದಾರೆ, ಅದನ್ನು ಓದುವುದು ಅಜ್ಜಿಗೆ ಬರುತ್ತದೆ. ಮೂವತ್ತು ಡಿಗ್ರಿ ದಾಟಿದರೆ ಹುಳದ ಆರೋಗ್ಯ ಕೆಡುತ್ತದೆ, ಇಪ್ಪತ್ತಕ್ಕಿಂತ ಇಳಿದರೆ ಬೆಳವಣಿಗೆಯೇ ಮಂದವಾಗುತ್ತದೆ ಎನ್ನುವುದು ರೇಷ್ಮೆ ಕೃಷಿಯ ಪುಸ್ತಕದಲ್ಲೂ ಇದೆ.

ಹುಡುಗಿಯ ನೋಟ್ ಪುಸ್ತಕ ತೆಗೆದು ಅಜ್ಜಿಯ ಮಾತನ್ನು ಹಾಗೇ ಬರೆದೆ: (ಟಿ − 24)(ಟಿ − 28) ≤ 0. 26 ಡಿಗ್ರಿ ಇದ್ದರೆ ಎರಡು ಇಂಟು ಮೈನಸ್ ಎರಡು, ಮೈನಸ್ ನಾಲ್ಕು. ಹುಳ ಸುಖವಾಗಿ ಮೇಯುತ್ತಿದೆ. 30 ಆದರೆ ಆರು ಇಂಟು ಎರಡು, ಪ್ಲಸ್ ಹನ್ನೆರಡು, ಗೋಣಿಚೀಲ ತನ್ನಿ. 20 ಆದರೆ ಮೈನಸ್ ನಾಲ್ಕು ಇಂಟು ಮೈನಸ್ ಎಂಟು, ಪ್ಲಸ್ ಮೂವತ್ತೆರಡು; ಕೆಂಡ ತನ್ನಿ. ಪ್ಲಸ್ ಬಂತೆಂದರೆ ಸೆಕೆಯೋ ಥಂಡಿಯೋ ಅಂತೂ ಅಪಾಯ. ಮೈನಸ್ ಬಂದರೆ ಕ್ಷೇಮ. ಮೈನಸ್ ಎಂದರೆ ಕೆಟ್ಟದ್ದು ಎಂದು ಪ್ರೋಗ್ರೆಸ್ ಕಾರ್ಡು ನೋಡಿ ನಂಬಿಕೊಂಡಿದ್ದ ಹುಡುಗಿಯ ಮುಖ ಮೊದಲ ಸಲ ಅರಳಿತು. ‘ಅಜ್ಜಿಗೆ ಇದೆಲ್ಲಾ ಗೊತ್ತಿತ್ತಾ?’ ಎಂದಳು. ಅಜ್ಜಿ, ‘ಗೊತ್ತಿಲ್ದೆ ಗೂಡು ಕಟ್ಟಿಸ್ತೀನಾ? ಇಷ್ಟಕ್ಕೆ ನಿಂಗೆ ಕಾಲೇಜ್ ಬೇಕಾಯ್ತಾ?’ ಎಂದು, ಹುಳ ಗೂಡು ಕಟ್ಟುವ ಚಂದ್ರಿಕೆ ತಟ್ಟೆ ಒಣಗಿಸಲು ಎದ್ದು ಹೋದರು.

ಅಜ್ಜಿ ಹೇಳಿದ್ದು ಅರ್ಧ ಸತ್ಯ ಎಂದು ನಾನು ಅವರ ಬೆನ್ನಿಗೆ ಹೇಳಲಿಲ್ಲ. ಕಲ್ಲು ಎಲ್ಲಿದೆ ಎಂದು ಮೊದಲೇ ಗೊತ್ತಿದ್ದವರಿಗೆ ಕಾಲೇಜು ಬೇಡ. 24 ಮತ್ತು 28 ತಲೆಮಾರಿನ ಅನುಭವ ಕೊಟ್ಟ ಕಲ್ಲುಗಳು. ಗೊತ್ತಿಲ್ಲದ ಕಡೆ ಕಲ್ಲು ಹುಡುಕುವುದಕ್ಕೆ ಅಪವರ್ತನ, ಸೂತ್ರ, ಶೋಧಕ ಎಲ್ಲವೂ ಬೇಕು. ಬಳ್ಳಾರಿ ರಸ್ತೆ ಬದಿಯಲ್ಲಿ ಚಕ್ಕೋತ ಮಾರುವವರನ್ನು ನೋಡಿ. ದೇವನಹಳ್ಳಿ ಚಕ್ಕೋತಕ್ಕೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಹಣ್ಣಿಗೆ ಎಕ್ಸ್ ರೂಪಾಯಿ ಹೇಳಿದರೆ ದಿನಕ್ಕೆ 100 − ಎಕ್ಸ್ ಹಣ್ಣು ಹೋಗುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ದಿನಕ್ಕೆ 2100 ರೂಪಾಯಿಗೆ ಕಡಿಮೆ ಆಗಬಾರದು. ಬಿಡಿಸಿದರೆ ಬೆಲೆ 30ರಿಂದ 70 ರೂಪಾಯಿ ತನಕ. ಮಾರುವಾಕೆ ಎಪ್ಪತ್ತರಿಂದ ಶುರು ಮಾಡುತ್ತಾಳೆ, ಕಾರಿನಲ್ಲಿ ಬಂದವರು ಮೂವತ್ತರಿಂದ. ಚೌಕಾಸಿ ನಡೆಯುವುದೆಲ್ಲ ಎರಡು ಮೂಲಗಳ ನಡುವೆಯೇ. ಆಕೆ ಯಾವ ಸೂತ್ರವನ್ನೂ ಬಳಸಿಲ್ಲ, ಆದರೆ ಬೇಸಾಯ, ಬಾಡಿಗೆ, ಬಾಡಿದ ಹಣ್ಣು ಎಲ್ಲ ಸೇರಿದ ದಿನ ಆ ಎರಡು ಸಂಖ್ಯೆ ಎಲ್ಲಿಗೆ ಜರುಗಿತು ಎಂದು ಸಂಜೆ ಮಡಿಲ ದುಡ್ಡು ಎಣಿಸಿದ ಮೇಲೇ ಅವಳಿಗೆ ತಿಳಿಯುವುದು. ಹುಡುಗಿಗೆ ಬೆಳಿಗ್ಗೆಯೇ ತಿಳಿಯುತ್ತದೆ. ಕಾಲೇಜಿನ ಲಾಭ ಅಷ್ಟೇ, ಆದರೆ ಅದು ಸಣ್ಣದಲ್ಲ.

ಇಷ್ಟೆಲ್ಲ ನಡೆಸುವ < ಮತ್ತು > ಚಿಹ್ನೆಗಳು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಎಂಬಾತನ ಪುಸ್ತಕದಲ್ಲಿ. ಆತ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. 1609ರಲ್ಲಿ ದೂರದರ್ಶಕ ಹಿಡಿದು ಚಂದ್ರನನ್ನು ನೋಡಿ ಚಿತ್ರ ಬರೆದವನು. ಅದನ್ನೂ ಅಚ್ಚು ಹಾಕಿಸದೆ ಹೆಸರನ್ನೆಲ್ಲ ಗೆಲಿಲಿಯೋಗೆ ಬಿಟ್ಟುಕೊಟ್ಟ. ಚಿಹ್ನೆಯ ಕೆಳಗೆ ಸಮ ಗೆರೆ ಸೇರಿಸಿದವನು ಫ್ರಾನ್ಸಿನ ಪಿಯರ್ ಬೂಗೇರ್, 1734ರಲ್ಲಿ. ಮರುವರ್ಷ ಆತ ಭೂಮಿಯ ಆಕಾರ ಅಳೆಯುವ ತಂಡದ ಜೊತೆ ಪೆರುವಿಗೆ ಹೊರಟ. ಭೂಮಿ ಅಳೆಯಲು ಹೋಗುವ ಮನುಷ್ಯನಿಗೆ ಆ ಗೆರೆ ತೋಚಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ನಮ್ಮ ಕಡೆ ಜಮೀನಿನ ಜಗಳವೆಲ್ಲ ಅದೇ ಗೆರೆಯದು. ಹೊಲ ನಿನ್ನದು ನನ್ನದು ಎಂಬುದರಲ್ಲಿ ತಕರಾರಿಲ್ಲ, ನಡುವಿನ ಬದು ಯಾರದು? ಬದುವಿನ ಮೇಲಿನ ಹೊಂಗೆ ಮರ ಯಾರದು? ವರ್ಷಕ್ಕೆ ಒಂದು ಗೇಣು ನೇಗಿಲು ಹಾಯಿಸಿ ಬದುವನ್ನು ಸವೆಸಿದವರು, ಸರ್ವೆಗೆ ಅರ್ಜಿ ಹಾಕಿದವರು, ಕೋರ್ಟು ಹತ್ತಿ ಹೊಲವನ್ನೇ ಮಾರಿದವರು ಎಲ್ಲರೂ ಸಿಗುತ್ತಾರೆ. ‘ಕಡಿಮೆ’ ಎಂದರೆ ಬದು ಸೇರಿಲ್ಲ, ‘ಕಡಿಮೆ ಅಥವಾ ಸಮ’ ಎಂದರೆ ಬದು ಸೇರಿದೆ. ಗಣಿತದಲ್ಲಿ ಒಂದು ಗೆರೆಯಲ್ಲಿ ತೀರಿತು.

ಆದ್ದರಿಂದ ಈ ವರ್ಷ ಪರೀಕ್ಷೆಗೆ ಕೂರುವ ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಶ್ನೆಯಲ್ಲಿ ಚಿಹ್ನೆಯ ಕೆಳಗೆ ಗೆರೆ ಇದೆಯೋ ಇಲ್ಲವೋ ಕಣ್ಣಿಟ್ಟು ನೋಡಿ. ಇದ್ದರೆ ಉತ್ತರದಲ್ಲಿ ಎರಡು ತುದಿಯನ್ನೂ ಸೇರಿಸಿ, ಸಂಖ್ಯಾರೇಖೆಯ ಮೇಲೆ ತುಂಬಿದ ಚುಕ್ಕೆ ಇಡಿ. ಇಲ್ಲದಿದ್ದರೆ ಖಾಲಿ ಸುತ್ತು ಸಾಕು. ಮರೆತರೆ ಒಂದು ಅಂಕ ಹೋಗುತ್ತದೆ. ಮೌಲ್ಯಮಾಪನಕ್ಕೆ ಕೂತವರು ಬದುವಿನ ವಿಷಯದಲ್ಲಿ ನಮ್ಮೂರಿನವರಷ್ಟೇ ಗಟ್ಟಿ.